ಒಂದೇ ಹೆಸರಿನ ಹನ್ನೊಂದು ಸಾವು

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಹನ್ನೊಂದು ಜನರನ್ನು ಸಾಯಿಸಿದೆ. ಅವರಲ್ಲಿ ಒಬ್ಬರು ಅಂದು ನಸುಕಿನಲ್ಲೇ ತೀರಿಕೊಂಡಿದ್ದರು. ಒಬ್ಬ ನಾನೇ. ಉಳಿದ ಒಂಬತ್ತು ಮಂದಿ ಸೇಲಂನ ನಮ್ಮ ನೇಕಾರರ ಬೀದಿಗಳಲ್ಲಿ ಕಾಫಿ ಕುಡಿಯುತ್ತಲೋ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೋ ಆರಾಮವಾಗಿದ್ದರು. ಪೊಲೀಸು, ಕೋರ್ಟು ಏನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ತಪ್ಪು ಮಾಡಿದವನಿಗೇ ಶಿಕ್ಷೆ ಸಿಗುತ್ತಿತ್ತು. ಆದದ್ದು ಏನೆಂದರೆ, ನನ್ನ ತಪ್ಪಿಗೆ ಒಂದು ಹುಡುಗಿ ತಲೆ ಕೊಟ್ಟಳು. ಅವಳ ಕೆಲಸ ಹೋಗುವುದರಲ್ಲಿತ್ತು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದಕ್ಕಿಂತ ಹೀನವಾದದ್ದೊಂದನ್ನೂ ಮಾಡಿದೆ. ಅದನ್ನು ಬರೆಯಲೆಂದೇ ಕೂತಿದ್ದೇನೆ, ಆದರೆ ಕೈ ಇನ್ನೂ ಅಲ್ಲಿಗೆ ಹೋಗುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ, ಅದೂ ತಮಿಳಿನಲ್ಲಿ. ಮನೆಯ ಮಾತು ಕನ್ನಡ; ಅಕ್ಷರಗಳನ್ನು ಸೋದರಮಾವನೊಬ್ಬ ಸ್ಲೇಟಿನ ಮೇಲೆ ತಿದ್ದಿಸಿದ್ದ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅಭಿಮಾನವೊಂದೇ ಕಾರಣ ಎಂದು ಸುಳ್ಳು ಹೇಳಲಾರೆ. ನಮ್ಮ ಬೀದಿಯ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಓದಬಲ್ಲವರು ಮಾತ್ರ ಮೂವರು. ಅದರಲ್ಲಿ ಒಬ್ಬರಿಗೆ ಕಣ್ಣಿನ ಪೊರೆ ಬಂದಿದೆ.

ನೇಕಾರರ ಸಹಕಾರ ಸಂಘದಲ್ಲಿ ನಾನು ಗುಮಾಸ್ತನಾಗಿದ್ದು ನಿವೃತ್ತನಾದವನು. ಸದಸ್ಯರ ವಿವರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾದಾಗ ನನ್ನನ್ನು ಮತ್ತೆ ಕರೆದರು. ನನ್ನ ಬುದ್ಧಿಗಾಗಿ ಕರೆದದ್ದಲ್ಲ. ಹಳೆಯ ದಪ್ಪ ಪುಸ್ತಕಗಳಲ್ಲಿದ್ದ ಕೈಬರಹವನ್ನು ಓದಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ, ಏಕೆಂದರೆ ಅದು ನನ್ನದೇ ಕೈಬರಹ. ನಾನು ಓದಿ ಹೇಳಬೇಕು, ಕಂಪ್ಯೂಟರ್ ಹುಡುಗಿ ಒತ್ತಿಕೊಳ್ಳಬೇಕು.

ಆ ಹುಡುಗಿ ಮೊರಪ್ಪೂರಿನ ಕಡೆಯವಳು. ಹೊಲ ಉಳುವ ಮನೆತನ, ಅವರದೂ ಕನ್ನಡವೇ. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದ್ದಳು. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ತಾತ್ಕಾಲಿಕ ಕೆಲಸ. ವರ್ಷ ತುಂಬಿದ ಮೇಲೆ ಕಮಿಟಿ ಒಪ್ಪಿದರೆ ಖಾಯಂ ಮಾಡುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದರು. ಆ ಒಂದು ಆರ್ಡರ್ ಕೈಗೆ ಬಂದರೆ ಮನೆಯವರು ಮದುವೆ ಮಾತು ಎತ್ತುವುದನ್ನು ಎರಡು ವರ್ಷ ಮುಂದಕ್ಕೆ ಹಾಕುತ್ತಾರೆ, ಮುಂದೆ ಓದಬಹುದು ಎಂದು ಅವಳು ನನಗೆ ಹೇಳಿದ್ದಳು. ನನ್ನನ್ನು ತಾತ ಎನ್ನುತ್ತಿದ್ದಳು, ನಾನು ಅಮ್ಮಣ್ಣಿ ಎನ್ನುತ್ತಿದ್ದೆ.

ಮೊದಲ ತೊಂದರೆ ಬಂದದ್ದು ಹೆಸರುಗಳಿಂದ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡಬೇಕು. ಆ ಅಜ್ಜನಿಗೆ ಅವನ ಅಜ್ಜನ ಹೆಸರು. ಎಲ್ಲರ ಮೂಲದಲ್ಲಿರುವವನೂ ಒಬ್ಬನೇ ಕುಲದೇವರು. ಹೀಗಾಗಿ ಸದಸ್ಯರಲ್ಲಿ ಹನ್ನೊಂದು ಮಂದಿಗೆ ಒಂದೇ ಹೆಸರಿತ್ತು, ಇನಿಶಿಯಲ್ಲೂ ಒಂದೇ. ಬೀದಿಯಲ್ಲಿ ಇದರಿಂದ ಯಾರಿಗೂ ಕಷ್ಟವಿರಲಿಲ್ಲ. ಬೇವಿನಮರದವನು, ಕೆಮ್ಮುವವನು, ಎರಡು ಮಗ್ಗದವನು, ಮಾತಾಡದವನು ಎಂದು ಗುರುತಿಸುತ್ತಿದ್ದರು. ನಾನು ಸೊಸೈಟಿಯವನು. ಹುಟ್ಟಿದ ಹೆಸರು ಬೇಕಾಗುತ್ತಿದ್ದದ್ದು ಮದುವೆಪತ್ರಿಕೆಗೆ ಮತ್ತು ತಿಥಿಗೆ.

ಪುಸ್ತಕದಲ್ಲಿ ಹರಿದುಹೋದ ಹಾಳೆಗಳ ವಿವರ ಕೇಳಿಕೊಂಡು ಬರಲು ನಾವಿಬ್ಬರೂ ಮನೆಮನೆಗೆ ಹೋದೆವು. ಗಂಡಸರು ಮಗ್ಗದ ಮೇಲಿದ್ದರು, ಬಾಗಿಲಿಗೆ ಬಂದವರು ಹೆಂಗಸರು. ಹುಡುಗಿ ಕಾಗದ ಹಿಡಿದು ಗಂಡನ ಹೆಸರು ಕೇಳಿದಳು.

"ಅಯ್ಯೋ, ನಾನೆಂಗೆ ಬಾಯ್ಬಿಟ್ಟು ಏಳ್ಲಿ ಕಣಮ್ಮ! ಎದ್ರುಮನೆ ಯಜಮಾನ್ರಿಗೂ ಅದೇ ಯೆಸ್ರು. ಅವ್ಳನ್ನ ಕೇಳು."

ರಸ್ತೆ ದಾಟಿ ಎದುರುಮನೆಗೆ ಹೋದೆವು.

"ನಮ್ಮನೆಯೋರ್ದಾ? ಅಗೋ, ಎದ್ರುಮನೆಯೋರ ಯೆಸ್ರೇ. ಅಲ್ಲೋಗಿ ಕೇಳು."

"ಅಲ್ಲಿಂದ್ಲೇ ಬತ್ತಾ ಇವ್ನಿ ಅಕ್ಕಾ," ಎಂದಳು ಹುಡುಗಿ.

"ಅವ್ಳು ಏಳ್ಲಿಲ್ವಾ? ಎಷ್ಟು ತಿಮಿರು ನೋಡು ಅವ್ಳಿಗೆ!"

ಮೂರನೆಯ ಮನೆಯ ಸೊಸೆ ತನ್ನ ಸ್ವಂತ ಮಗನ ಹೆಸರನ್ನೂ ಹೇಳಲಿಲ್ಲ. ಅದು ಮಾವನ ಹೆಸರು. ಆ ಹುಡುಗನಿಗೆ ಎಂಟು ವರ್ಷ, ತಾಯಿಯ ಬಾಯಲ್ಲಿ ಒಂದು ದಿನವೂ ತನ್ನ ಹೆಸರು ಕೇಳಿರಲಿಲ್ಲ. ಕೊನೆಗೆ ಹುಡುಗಿ ರಸ್ತೆಯ ನಡುವೆ ನಿಂತು ನನ್ನ ಕಡೆ ತಿರುಗಿದಳು.

"ತಾತ, ನೀವೇ ಏಳ್ಬಿಡಿ. ನಿಮ್ಗೇನೂ ತಡೆ ಇಲ್ವಲ್ಲ."

ನಾನು ಹೇಳಿದೆ. ಹತ್ತು ಹೆಜ್ಜೆಗೊಮ್ಮೆ ಅದೇ ಹೆಸರು ಹೇಳಿದೆ. ಅವಳು ಬರೆದುಕೊಳ್ಳುತ್ತ, "ಇದೆಂಥ ಊರು ತಾತ, ಒಬ್ಬನ್ನೇ ಅನ್ನೊಂದು ಸಲ ಎತ್ತವ್ರೆ" ಎಂದಳು.

ಅವತ್ತು ಆಫೀಸಿಗೆ ಬಂದಮೇಲೆ ಅವಳು ನನಗೆ ಪಾಠ ಮಾಡಿದಳು. ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ನಂಬರ್ ಇರುತ್ತದೆ. ಹೆಸರು ಬದಲಾಗಬಹುದು, ಮನೆ ಬದಲಾಗಬಹುದು, ಫೋನ್ ಬದಲಾಗಬಹುದು, ನಂಬರ್ ಬದಲಾಗುವುದಿಲ್ಲ. ಒಬ್ಬನ ನಂಬರ್ ಇನ್ನೊಬ್ಬನಿಗೆ ಬರುವುದಿಲ್ಲ, ಅವನು ಸತ್ತ ಮೇಲೂ ಬರುವುದಿಲ್ಲ.

"ಮತ್ತೆ ಹೆಸರು?" ಎಂದೆ.

"ಯೆಸ್ರು ಬರೀ ಎಳುತ್ತು ತಾತ. ಬರೀ ಅಕ್ಷರ. ಈ ಎರಡು ಕೋಟ್ ಚಿಹ್ನೆ ನಡುವೆ ಏನ್ ಬರೆದ್ರೂ ಕಂಪ್ಯೂಟರ್ ಅದನ್ನ ಬರೆದಂಗೇ ತಗೊಳ್ತದೆ. ಯಾರು, ಎತ್ತ ಅಂತ ಅದ್ಕೆ ಗೊತ್ತಾಗಲ್ಲ. ಕೋಟ್ ಇಲ್ದೆ ಬರೆದ್ರೆ ಅದು ಪೆಟ್ಟಿಗೆ ಯೆಸ್ರು. ಕೋಟ್ ಆಕಿ ಬರೆದ್ರೆ ಪೆಟ್ಟಿಗೆ ಒಳಗಿರೋ ಸಾಮಾನು. ಅದೇ ಸಾಮಾನು ಅತ್ತು ಪೆಟ್ಟಿಗೇಲಿ ಇದ್ರೆ ಅತ್ತೂ ಈಚೆ ಬತ್ತದೆ. ಆಳು ಬೇಕು ಅಂದ್ರೆ ನಂಬರೇ ಕೊಡ್ಬೇಕು. ನಂಬರೇ ಆಳು."

ನನಗೆ ಸಿಟ್ಟು ಬಂತು. ನನ್ನ ಅಜ್ಜನ ಅಜ್ಜನಿಂದ ಬಂದ ಹೆಸರು ಸಾಮಾನು, ನಿನ್ನೆ ಹುಟ್ಟಿದ ನಂಬರ್ ಆಳು! ಆದರೂ ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಒಳಗೊಳಗೇ ಅರ್ಥವಾಗಿತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಕೆಂಪು ನೂಲು ನೂರಾರು ಇರುತ್ತವೆ. ಒಂದು ಎಳೆ ಹರಿದಾಗ 'ಕೆಂಪನ್ನು ಗಂಟು ಹಾಕು' ಎಂದರೆ ಯಾರೂ ಹಾಕಲಾರರು. ಎಷ್ಟನೆಯ ಎಳೆ ಎಂದು ಹೇಳಬೇಕು. ಇಷ್ಟು ತಿಳಿದೂ ಸೋಲೊಪ್ಪಲು ಮನಸ್ಸಾಗದೆ, "ಮನುಷ್ಯರೇನು ದನವಾ, ಕಿವಿಗೆ ನಂಬರ್ ಹಾಕೋಕೆ?" ಎಂದು ದೊಡ್ಡಸ್ತಿಕೆ ಮಾಡಿದೆ. ಅವಳು ನಕ್ಕು ಕೆಲಸಕ್ಕೆ ತಿರುಗಿದಳು.

ಆದರೆ ಅವಳು ಕೀಲಿಮಣೆ ಒತ್ತುವುದನ್ನು ನೋಡುತ್ತ ನೋಡುತ್ತ ನನಗೆ ಆಸೆ ಹುಟ್ಟಿತು. ಎಲ್ಲರಿಗೂ ಇದ್ದ ಫಾರಂ ಬಿಟ್ಟು ಅವಳು ಕಪ್ಪು ಪರದೆಯ ಮೇಲೆ ಸೀದಾ ಆಜ್ಞೆ ಬರೆಯುತ್ತಿದ್ದಳು. ಇಂಥ ಪಟ್ಟಿಯಲ್ಲಿ ಇಂಥವರ ಇಂಥದ್ದನ್ನು ಹೀಗೆ ಮಾಡು, ಎನ್ನುವಳು, ಅದು ಮಾಡುತ್ತಿತ್ತು. ಮೂವತ್ತು ವರ್ಷ ಬೇರೆಯವರ ಆಜ್ಞೆ ಬರೆದುಕೊಂಡವನಿಗೆ ಇದು ಎಷ್ಟು ರುಚಿಯಾಗಿ ಕಂಡಿತು ಎಂದು ಹೇಳಲಾರೆ. ಎರಡು ಮೂರು ಆಜ್ಞೆಗಳನ್ನು ಕದ್ದು ನೋಡಿ ನಶ್ಯದ ಡಬ್ಬಿಯ ಚೀಟಿಯ ಹಿಂದೆ ಬರೆದಿಟ್ಟುಕೊಂಡೆ.

ಆ ದಿನ ಬಂತು. ಮಾತಾಡದವನು ತೀರಿಕೊಂಡಿದ್ದ, ಎಂಬತ್ತು ದಾಟಿದ್ದ, ಒಳ್ಳೆಯ ಸಾವು. ಸದಸ್ಯರು ಸತ್ತರೆ ಸಂಘದಿಂದ ಒಂದು ಹೂಮಾಲೆ, ಒಂದು ಹೊಸ ಪಂಚೆ ಹೆಣ ಎತ್ತುವುದರೊಳಗೆ ಮನೆಗೆ ಹೋಗಬೇಕು. ಹಿಂದೆಲ್ಲ ನಾನೇ ಒಂದು ಚೀಟಿ ಬರೆದು ಕಳಿಸುತ್ತಿದ್ದೆ. ಈಗ ಕಂಪ್ಯೂಟರಿನಲ್ಲಿ ಮರಣ ಎಂದು ಹಾಕಿದರೆ ಮಾತ್ರ ಪಟ್ಟಿ ಅಚ್ಚಾಗಿ ಬರುತ್ತದೆ, ಮನೆಯವರ ಫೋನಿಗೆ ಸಂತಾಪದ ಮೆಸೇಜು ತಾನಾಗಿ ಹೋಗುತ್ತದೆ, ಸ್ಟೋರಿನವನು ಪಂಚೆ ಕೊಡುತ್ತಾನೆ. ಒಂದು ಗಂಟೆಗೆ ಎತ್ತುತ್ತಾರೆ ಎಂದು ಸುದ್ದಿ ಬಂದಿತ್ತು. ಅಧ್ಯಕ್ಷರು ಎರಡು ಸಲ ಫೋನ್ ಮಾಡಿದರು. ಹುಡುಗಿ ಬಂದಿರಲಿಲ್ಲ, ರೈಲು ತಡ.

ಫಾರಂನಲ್ಲಿ ಹಾಕೋಣವೆಂದರೆ ಅದು ಮೊದಲು ನಂಬರ್ ಕೇಳಿತು. ನಂಬರ್ ಇದ್ದದ್ದು ಸತ್ತವನ ಪಾಸ್‌ಪುಸ್ತಕದಲ್ಲಿ. ಹೆಣದ ತಲೆದೆಸೆಯಲ್ಲಿ ಅಳುತ್ತ ಕೂತ ಹೆಂಗಸಿನ ಹತ್ತಿರ ಹೋಗಿ ಪಾಸ್‌ಪುಸ್ತಕ ಕೊಡಮ್ಮ ಎಂದು ಕೇಳುವುದೇ? ನಮ್ಮ ಬೀದಿಯಲ್ಲಿ ಹಾಗೆ ಕೇಳಿದವನನ್ನು ಅದೇ ಚಟ್ಟದ ಮೇಲೆ ಜೊತೆಗೆ ಮಲಗಿಸುತ್ತಾರೆ. ಹಿಂದಿನ ಸಂಜೆ ಹುಡುಗಿ ತನ್ನ ಕಂಪ್ಯೂಟರನ್ನು ತೆರೆದಿಟ್ಟು ಹೋಗಿದ್ದಳು. ಬೆಳಿಗ್ಗೆ ಪಟ್ಟಿ ತೆಗೆಯಬೇಕು ಎಂದು ನಾನೇ ಕೇಳಿಕೊಂಡಿದ್ದೆ. ನಶ್ಯದ ಡಬ್ಬಿಯ ಚೀಟಿ ಹೊರಗೆ ತೆಗೆದೆ.

ಅವಳ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ, ಸದಸ್ಯರ ಪಟ್ಟಿಯಲ್ಲಿ ಈ ಹೆಸರಿನವರ ಸ್ಥಿತಿಯನ್ನು ಮರಣ ಎಂದು ಮಾಡು ಎಂದು ಬರೆದೆ. ಹೆಸರಿನ ಆಚೆಗೊಂದು ಈಚೆಗೊಂದು ಕೋಟ್ ಚಿಹ್ನೆ ಮರೆಯದೆ ಹಾಕಿದೆ. ಹಾಕುವಾಗ ಒಂದು ಗಳಿಗೆ ಕಣ್ಣು ಮುಚ್ಚಿ ಸತ್ತವನನ್ನು ನೆನೆದೆ. ಹೆಸರು ಹಿಡಿದು ಕಳಿಸಿಕೊಡುತ್ತಿದ್ದೇನೆ, ನಂಬರ್ ಹಿಡಿದಲ್ಲ ಎಂದು ಸಮಾಧಾನವೂ ಆಯಿತು. ಎಂಟರ್ ಒತ್ತಿದೆ.

ಪರದೆಯ ಮೇಲೆ 'ಅಪ್‌ಡೇಟ್ ೧೧' ಎಂದು ಬಂತು. ಗೋಡೆ ಗಡಿಯಾರ ನೋಡಿದೆ. ಹನ್ನೊಂದು ಗಂಟೆ, ಎರಡು ನಿಮಿಷ. ಎಷ್ಟು ಕರಾರುವಾಕ್ಕು ಎಂದು ಮೆಚ್ಚಿಕೊಂಡೆ.

ಜವಾನನಿಗೆ, "ಪಟ್ಟಿ ಬಂದಿದೆ, ನೋಡಿ ಮಾಲೆ ಪಂಚೆ ತಗೊಂಡು ಹೋಗು" ಎಂದು ಹೇಳಿ, ಸಾವಿನ ಮನೆಗೆ ಹೋಗುವ ಮೊದಲು ಅಂಗಿ ಬದಲಿಸಲು ನನ್ನ ಮನೆಗೆ ಹೋದೆ. ಪಟ್ಟಿಯನ್ನು ನಾನು ನೋಡಲಿಲ್ಲ. ನನ್ನ ಫೋನು ಎರಡು ಸಲ ಕಿಣಿಕಿಣಿ ಎಂದಿತು, ಅದನ್ನೂ ನೋಡಲಿಲ್ಲ. ಕಾಫಿ ಕುಡಿದು, ಪೇಪರ್ ತಿರುವಿ, ಕೊನೆಗೆ ಅಂಗಿಯೊಳಗೆ ತಲೆ ಹಾಕಿದ್ದಾಗ ಹೊರಗೆ ಮೊಪೆಡ್ ನಿಂತ ಸದ್ದು.

ಬಾಗಿಲಲ್ಲಿ ಜವಾನ. ಹೆಗಲ ಮೇಲೆ ಚೆಂಡುಹೂವಿನ ಮಾಲೆಗಳ ರಾಶಿ, ಕಂಕುಳಲ್ಲಿ ಪಂಚೆಗಳ ಕಟ್ಟು. ನನ್ನನ್ನು ಕಂಡವನು ಎರಡು ಹೆಜ್ಜೆ ಹಿಂದೆ ಹೋದ.

"ಅಣ್ಣಾ, ನೀವೂ ಉಸ್ರಾಡ್ತಾ ಇದೀರಾ?"

"ಏನ್ಲಾ ಅದು?"

"ಇದು ಏಳ್ನೇ ಮನೆ ಅಣ್ಣಾ. ಇಲ್ಲೀಗಂಟ ಒಬ್ರೂ ಸತ್ತಿಲ್ಲ." ಅವನ ದನಿಯಲ್ಲಿ ಬೇಸರವಿತ್ತು. "ಬೇವಿನ್ಮರದೋರು ಮುದ್ದೆ ಉಣ್ತಾ ಅವ್ರೆ. ಮಾಲೆ ಕೊಟ್ಟಿದ್ಕೆ ತಟ್ಟೇಲೇ ಒಡೆಯೋಕ್ ಬಂದ್ರು. ಕೆಮ್ಮೋರು ಮಾತ್ರ ಪಾಪ, ಇಸ್ಕೊಂಡು ಸೈನ್ ಆಕಿದ್ರು."

"ಇಷ್ಟೊಂದು ಮಾಲೆ ತಗೊಂಡು ಹೊರಟ್ಯಲ್ಲ, ಒಂದ್ ಮಾತು ಕೇಳೋಕ್ಕಾಗ್ಲಿಲ್ವಾ ನಿನಗೆ?"

"ಒಟ್ಗೆ ಅನ್ನೊಂದ್ ಜನ ಅಂದ್ರೆ ತೊಪ್ಪೂರು ಘಾಟ್‌ನಾಗೆ ಬಸ್ ಉಳ್ಳೋಗಿರ್ಬೇಕು ಅಂದ್ಕೊಂಡೆ. ಒಂದೇ ಯೆಸ್ರಿನೋರೆಲ್ಲಾ ಸೇರಿ ಟೂರ್ ಓಗಿದ್ರೇನೋ ಅಂತ."

ಒಳಗಿನಿಂದ ನನ್ನ ಹೆಂಡತಿ ಬಂದಳು. ಮಾಲೆ ನೋಡಿದಳು, ಪಂಚೆ ನೋಡಿದಳು, ನನ್ನನ್ನು ನೋಡಿದಳು, ಕಿರುಚಿದಳು. ಆಮೇಲೆ ಪೊರಕೆ ತಂದಳು. "ಯಾವನ್ಲಾ ಇದನ್ನ ನನ್ನ ಒಸ್ಲಿಗೆ ಕಳಿಸಿದ್ದು? ಅವ್ನ ಕೈಗೆ ಉಳ ಬೀಳ!"

ಅಷ್ಟು ಹೊತ್ತಿಗೆ ನನಗೆ ಹನ್ನೊಂದು ಎಂದರೆ ಏನೆಂದು ತಿಳಿದಿತ್ತು. ಅಂಗಿಯ ಒಂದೇ ತೋಳು ಹಾಕಿಕೊಂಡು ನಿಂತು ನಾನು ಹೇಳಿದ್ದು ಮೂರು ಮಾತು: "ಅದು ಕಂಪ್ಯೂಟರ್ ಕಣೇ." ಹೆಂಡತಿಯ ಪೊರಕೆಗೆ ಹೆದರಿ ಆಡಿದ ಮಾತು. ಆಮೇಲಿನದೆಲ್ಲ ಇದರ ಮೇಲೆಯೇ ಕಟ್ಟಿಕೊಂಡು ಹೋಯಿತು.

ಪಟ್ಟಿ ನಂಬರಿನ ಕ್ರಮದಲ್ಲಿ ಅಚ್ಚಾಗಿತ್ತು, ಪೊರಕೆ ಕಂಡು ಓಡಿದ ಜವಾನ ಅದೇ ಕ್ರಮದಲ್ಲಿ ಮುಂದಿನ ಮನೆಗಳಿಗೂ ಹೋದ. ನಿಜವಾಗಿ ಸತ್ತವನದು ಕೊನೆಯ ನಂಬರ್. ಹತ್ತನೆಯ ಮನೆಯ ಮುಂದೆ ಗಲಾಟೆಯಾಗಿ ಅವನ ಮೊಪೆಡ್ಡನ್ನೇ ಜನ ಕಿತ್ತುಕೊಂಡದ್ದರಿಂದ ಅವನು ಅಲ್ಲಿಗೆ ತಲುಪಲಿಲ್ಲ. ಹನ್ನೊಂದು ಜನರಲ್ಲಿ ಸತ್ತವನೊಬ್ಬನಿಗೇ ಮಾಲೆ ಸಿಗಲಿಲ್ಲ.

ಹುಡುಗಿ ಹನ್ನೆರಡೂವರೆಗೆ ಬಂದವಳು, ನಡೆದದ್ದು ತಿಳಿದ ತಕ್ಷಣ ಹಿಂದಿನ ದಿನದ ನಕಲಿನಿಂದ ಎಲ್ಲರನ್ನೂ ಬದುಕಿಸಿದಳು. ಹತ್ತು ನಿಮಿಷದ ಕೆಲಸ. ಆದರೆ ಬೀದಿಯಲ್ಲಿ ಬದುಕಿಸುವುದು ಅಷ್ಟು ಸುಲಭವಿರಲಿಲ್ಲ. ಒಂದು ಮನೆಯಲ್ಲಿ ಧರ್ಮಪುರಿಯಿಂದ ಬೀಗರು ಅಳುತ್ತ ಕಾರಿನಲ್ಲಿ ಬಂದಿಳಿದಿದ್ದರು, ಅವರಿಗೆ ಊಟಕ್ಕೆ ಹಾಕಬೇಕಾಯಿತು.

ಸಂಜೆ ಅಧ್ಯಕ್ಷರು ನಮ್ಮಿಬ್ಬರನ್ನೂ ಕರೆದರು.

"ಯಾರ್ ಮಾಡಿದ್ದು?"

"ಕಂಪ್ಯೂಟರ್ ತಪ್ಪು ಅನ್ಸುತ್ತೆ," ಎಂದೆ.

"ಕಂಪ್ಯೂಟರ್ ತಪ್ಪು ಮಾಡಲ್ಲ ಸಾರ್," ಎಂದಳು ಹುಡುಗಿ. "ಯಾರೋ ಯೆಸ್ರು ಕೊಟ್ಟು ಆಜ್ಞೆ ಬರೆದವ್ರೆ."

"ಯಾರು ಅಂತ ಅದ್ರಲ್ಲಿ ಬರಲ್ವಾ?"

"ಬತ್ತದೆ." ಅವಳು ಕಾಗದ ಮುಂದಿಟ್ಟಳು. ಹನ್ನೊಂದು ಗಂಟೆ ಎರಡು ನಿಮಿಷ. ಬಳಸಿದವರ ನಂಬರ್ ಅವಳದೇ.

"ನಿನ್ ನಂಬರೇ ಐತಲ್ಲಮ್ಮ. ನಂಬರೇ ಆಳು ಅಂತ ನೀನೇ ತಾನೇ ಮೀಟಿಂಗ್‌ನಲ್ಲಿ ನಮ್ಗೂ ಏಳಿದ್ದು?"

"ಆ ಒತ್ತಿಗೆ ನಾನು ಆಫೀಸ್ಗೇ ಬಂದಿರ್ಲಿಲ್ಲ ಸಾರ್."

"ಓಹೋ," ಎಂದರು ಅಧ್ಯಕ್ಷರು, "ಲೇಟು ಬೇರೆ!" ಮತ್ತು ಕಾಗದದಲ್ಲಿ ಎರಡನೆಯ ಆಪಾದನೆಯಾಗಿ ತಡವಾಗಿ ಬಂದದ್ದನ್ನೂ ಬರೆದುಕೊಂಡರು.

ಹಾಜರಿ ಪುಸ್ತಕ ಇಡುತ್ತಿದ್ದವನು ನಾನು. ಅವಳು ಎಷ್ಟು ಹೊತ್ತಿಗೆ ಸಹಿ ಹಾಕಿದಳು ಎಂಬುದು ನನ್ನದೇ ಕೈಬರಹದಲ್ಲಿತ್ತು. ಅದು ನನ್ನ ಮುಂದೆಯೇ ಮೇಜಿನ ಮೇಲಿತ್ತು. ನಾನು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ತೆರೆಯಲಿಲ್ಲ. ಅವಳು ಒಮ್ಮೆ ನನ್ನ ಕೈಯನ್ನು ನೋಡಿದಳು.

ಈಗ ಆ ಹೀನ ಕೆಲಸಕ್ಕೆ ಬಂದೆ.

ಬದುಕಿದ್ದವರ ಹೊಸಿಲಿಗೆ ಹೆಣದ ಮಾಲೆ ಬಂದಿದ್ದರಿಂದ ಶಾಂತಿಯಾಗಬೇಕು ಎಂದು ಕುಲದ ಯಜಮಾನರು ತೀರ್ಮಾನಿಸಿದರು. ನಾವು ಹತ್ತು ಜನ ಎಣ್ಣೆಸ್ನಾನ ಮಾಡಿ ದೇವಸ್ಥಾನದ ಜಗಲಿಯಲ್ಲಿ ಸಾಲಾಗಿ ಕೂರಬೇಕು, ಕೆಂಪುನೀರಿನ ಆರತಿ ಎತ್ತಬೇಕು, ಮತ್ತು ತಪ್ಪು ಮಾಡಿದವರು ಒಬ್ಬೊಬ್ಬರ ಕಾಲಿಗೂ ಬಿದ್ದು ತಪ್ಪಾಯ್ತು ಎನ್ನಬೇಕು. ಹಾಗೆ ಬಿದ್ದರೆ ಮಾತ್ರ ಆಮೇಲೆ ಕೆಲಸದ ವಿಷಯ ಕಮಿಟಿ ನೋಡುತ್ತದೆ ಎಂದರು.

ನಾನೂ ಎಣ್ಣೆಸ್ನಾನ ಮಾಡಿದೆ. ಸಾಲಿನ ಕೊನೆಯಲ್ಲಿ ಕೂತೆ. ನನ್ನ ಪಕ್ಕ ಕೆಮ್ಮುವವನು, ಸಂಘದ ಹೊಸ ಪಂಚೆಯನ್ನೇ ಉಟ್ಟುಕೊಂಡು ಬಂದಿದ್ದ. "ನೂಲು ಒಳ್ಳೇದು ಐತೆ," ಎಂದು ನನಗೆ ಅಂಚು ತೋರಿಸಿದ.

ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಂಬದ ಹತ್ತಿರ ನಿಂತಿದ್ದರು. ಅವಳು ಮೊದಲನೆಯವರ ಕಾಲಿಗೆ ಬಿದ್ದು ತಪ್ಪಾಯ್ತು ಎಂದಳು. ಅವರು ಮುಖ ತಿರುಗಿಸಿದರು. ಎರಡನೆಯವರು, "ಇನ್ಮೇಲೆ ನೋಡಿ ಒತ್ತು" ಎಂದು ಗದರಿದರು. ಬೇವಿನಮರದವನು ಕಾಲನ್ನೇ ಹಿಂದಕ್ಕೆ ಎಳೆದುಕೊಂಡ. ಹೀಗೆ ಒಂಬತ್ತು ಜನರನ್ನು ದಾಟಿ ಅವಳು ನನ್ನ ಮುಂದೆ ಬಂದಳು.

ಎದ್ದು ನಿಲ್ಲಬಹುದಿತ್ತು. ನಾನು ಎಂದು ಒಂದು ಶಬ್ದ ಹೇಳಬಹುದಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. "ಹೋಗಲಿ ಬಿಡಮ್ಮಣ್ಣಿ, ನಾನು ಮನ್ನಿಸಿದ್ದೀನಿ" ಎಂದೆ.

ಜನ ಮೆಚ್ಚಿಕೊಂಡ ಸದ್ದು ನನ್ನ ಕಿವಿಗೆ ಬಿತ್ತು. ಹುಡುಗಿ ಏಳುತ್ತ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಅನ್ನೊಂದೂ ಎರಡಕ್ಕೆ ನನ್ ರೈಲು ಬೊಮ್ಮಿಡೀಲಿ ನಿಂತಿತ್ತು ತಾತ."

ಆಮೇಲಿನ ಎರಡು ವಾರ ನನಗೆ ಸಿಕ್ಕ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಟೀ ಅಂಗಡಿಯಲ್ಲಿ, "ಒಂಬತ್ತು ಜನಾನೂ ಮೊಕ ಗಂಟಿಕ್ಕಿದ್ರು, ಅಣ್ಣ ಒಬ್ರೇ ತಲೆ ಮೇಲೆ ಕೈ ಇಟ್ರು. ದೊಡ್ ಮನ್ಸು" ಎಂದರು. ನನ್ನ ಹೆಂಡತಿ ಬೀಗರ ಫೋನಿನಲ್ಲೆಲ್ಲ ಅದನ್ನೇ ಹೇಳಿದಳು. ನಾನು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದೆ. ಅದಕ್ಕೂ ಅವಳು, "ಆ ಉಡ್ಗೀಗೋಸ್ಕರ ಮರುಗ್ತಾ ಅವ್ರೆ" ಎಂದು ಅರ್ಥ ಕೊಟ್ಟಳು. ಆಫೀಸಿನಲ್ಲಿ ಹುಡುಗಿ ಎಂದಿನಂತೆ ಬಂದು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಹೋಗುತ್ತಿದ್ದಳು. ತಾತ ಎನ್ನುವುದನ್ನು ಬಿಟ್ಟು ಸಾರ್ ಎನ್ನತೊಡಗಿದ್ದಳು.

ಕಮಿಟಿ ಸೇರುವ ದಿನ ನಾನು ಒಂದು ಅರ್ಜಿ ಬರೆದುಕೊಂಡು ಹೋಗಿ ಓದಿದೆ. ಮಾಡಿದವನು ನಾನು, ಅವಳ ಕುರ್ಚಿಯಲ್ಲಿ ಕೂತು ಮಾಡಿದೆ, ಅವಳನ್ನು ಬಿಟ್ಟುಬಿಡಿ ಎಂದು. ಓದಿ ಮುಗಿಸಿದಾಗ ಎಲ್ಲರ ಕಣ್ಣೂ ಒದ್ದೆಯಾದ ಹಾಗೆ ಕಂಡಿತು. ಅಧ್ಯಕ್ಷರು ಎದ್ದು ಬಂದು ನನ್ನ ಕೈ ಹಿಡಿದರು.

"ಯಜಮಾನ್ರೇ, ನಿಮ್ ಮನ್ಸು ನಮಗೆ ಗೊತ್ತು. ಆ ಮಗೂನ ಉಳ್ಸೋಕೆ ಈ ವಯಸ್ನಲ್ಲಿ ಅವ್ಳ ತಪ್ಪಿನ ಪಳಿ ಒತ್ಕೊಳ್ತಾ ಇದೀರಿ. ಆದ್ರೆ ರೂಲ್ಸು ಅಂತ ಒಂದೈತೆ."

"ಅಯ್ಯೋ, ನಿಜವಾಗಿ ನಾನೇ!"

"ನೀವಾ? ಓದ್ ತಿಂಗ್ಳು ಫೋನ್ ಕತ್ಲಾಯ್ತು ಅಂತ ತಂದ್ರಿ, ಉಲ್ಟಾ ಇಡ್ಕೊಂಡಿದ್ರಿ. ನೀವು ಆಜ್ಞೆ ಬರೀತೀರಾ?" ಕಮಿಟಿ ನಕ್ಕಿತು. ಒಬ್ಬರಂತೂ ನನ್ನ ಹೆಸರನ್ನು ಮುಂದಿನ ಸಲದ ಉಪಾಧ್ಯಕ್ಷ ಸ್ಥಾನಕ್ಕೆ ಸೂಚಿಸಿಬಿಟ್ಟರು.

ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವರು ನಿಜ ಹೇಳಿದರೆ ನಂಬಲೊಲ್ಲರು. ಕೊನೆಗೆ, "ಮಾಡಿ ತೋರಿಸ್ತೀನಿ" ಎಂದೆ.

ಬಾಗಿಲ ಬಳಿ ನಿಂತಿದ್ದ ಹುಡುಗಿ ಓಡಿ ಬಂದಳು. "ಬ್ಯಾಡ ಸಾರ್, ತಡೀರಿ! ಮತ್ತೆ ಅಷ್ಟೂ ಜನ ಓಗ್ಬಿಡ್ತಾರೆ!" ಅವಳು ಸದಸ್ಯರ ಪಟ್ಟಿಯ ಒಂದು ನಕಲು ಮಾಡಿ, ಮೆಸೇಜು ಹೋಗದಂತೆ ನಿಲ್ಲಿಸಿ, ಕುರ್ಚಿ ಎಳೆದು ಕೊಟ್ಟಳು. ಕಮಿಟಿಯವರು ನನ್ನ ಬೆನ್ನ ಹಿಂದೆ ಗುಂಪಾದರು. ನಶ್ಯದ ಚೀಟಿ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಎಂಟು ನಿಮಿಷ ಹಿಡಿಯಿತು. ನಡುವೆ ಒಬ್ಬರು, "ಈ ವೇಗದಲ್ಲಿ ಸಾಯಿಸಿದ್ರೆ ಎಲ್ರೂ ತಪ್ಪಿಸ್ಕೊಂಡು ಓಡೋಗ್ತಾರೆ" ಎಂದರು. ಎಂಟರ್ ಒತ್ತಿದೆ. ಪರದೆಯ ಮೇಲೆ ಹನ್ನೊಂದು ಎಂದು ಬಂತು.

ಅಧ್ಯಕ್ಷರು ಹುಡುಗಿಯನ್ನು, "ಇಷ್ಟೇನಾ?" ಎಂದು ಕೇಳಿದರು. ಅವಳು ಇಷ್ಟೇ ಎಂದಳು. ಅವರು ನನ್ನ ಕಡೆ ತಿರುಗಿದಾಗ ಮೊದಲು ನನ್ನ ಕೈ ಹಿಡಿದಿದ್ದ ತಮ್ಮ ಕೈಯನ್ನು ಪಂಚೆಗೆ ಒರೆಸಿಕೊಂಡದ್ದು ನನಗೆ ಕಂಡಿತು.

ಅವಳಿಗೆ ಖಾಯಂ ಆರ್ಡರ್ ಅದೇ ದಿನ ಕೊಟ್ಟರು. ಲೇಟು ಬಂದ ಆಪಾದನೆಯನ್ನು ಮಾತ್ರ ಉಳಿಸಿಕೊಂಡರು, ಕಾಗದದಲ್ಲಿ ಏನಾದರೂ ಇರಬೇಕಲ್ಲ. ನನ್ನನ್ನು ಮನೆಗೆ ಕಳಿಸಿದರು. ಹೋಗುವ ಮುನ್ನ ಅವಳ ಮೇಜಿನ ಹತ್ತಿರ ನಿಂತೆ. ಕಾಲಿಗೆ ಬೀಳುವ ಮನಸ್ಸಾಯಿತು. ಹಿರಿಯ ಬಿದ್ದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಬೀಳುವ ಹಾಗಿಲ್ಲ. ಅದನ್ನೇ ಹೇಳಿದೆ.

"ಕಾಲೆಲ್ಲಾ ಬ್ಯಾಡ," ಎಂದಳು ತಲೆಯೆತ್ತದೆ. "ನಾನು ಒಂಬತ್ತು ಜನ್ರ ಮುಂದೆ ಬಿದ್ನಲ್ಲ. ಆ ಒಂಬತ್ತು ಮನೆಗೂ ಓಗಿ ನೀವೇ ಬಾಯ್ಬಿಟ್ಟು ಏಳಿ."

ಹೋದೆ. ಒಂಬತ್ತು ಮನೆ, ಮೂರು ದಿನ. ಇಬ್ಬರು ನಕ್ಕರು, ಮೂವರು ಬಾಗಿಲು ಹಾಕಿಕೊಂಡರು. ಬೇವಿನಮರದವನು ಹಳೆಯ ಬೈಗುಳಗಳನ್ನೆಲ್ಲ ಒಮ್ಮೆ ಉಪಯೋಗಿಸಿ ನೋಡಿದ. ಕೆಮ್ಮುವವನು ಎಲ್ಲ ಕೇಳಿಸಿಕೊಂಡು, "ಪಂಚೆ ವಾಪಸ್ ಕೊಡ್ಬೇಕಾ?" ಎಂದ. ಬೇಡ ಎಂದದ್ದಕ್ಕೆ, "ಅಂಗಾದ್ರೆ ಪರವಾಯಿಲ್ಲ" ಎಂದು ಟೀ ಕೊಡಿಸಿದ. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಬೀಗರಿಗೆಲ್ಲ ಮತ್ತೆ ಫೋನ್ ಮಾಡಬೇಕಲ್ಲ ಎಂದು ಅತ್ತಳು.

ಹಗುರಾದ ಹೆಮ್ಮೆಯಿಂದ ಆಫೀಸಿಗೆ ಹೋಗಿ ಹುಡುಗಿಗೆ, "ಹೇಳಿ ಬಂದೆ" ಎಂದೆ.

"ಗೊತ್ತು. ನಾನೂ ಒಂದೊಂದ್ ಮನೆಗೂ ಫೋನ್ ಮಾಡಿ ಕೇಳ್ದೆ." ಅವಳ ಮುಂದೆ ಒಂದು ಕಾಗದವಿತ್ತು, ಒಂಬತ್ತು ನಂಬರುಗಳು. "ಕೈ ತಪ್ಪಿ ಒತ್ಬಿಟ್ಟೆ ಅಂತ ಏಳಿದೀರಿ. ಆಮೇಲೆ ಬಾಯ್ಮುಚ್ಕೊಂಡಿದ್ದೆ ಅಂತ್ಲೂ ಏಳಿದೀರಿ. ಸರಿ. ನನ್ ತಲೆ ಮೇಲೆ ಕೈ ಇಟ್ಟು ಮನ್ನಿಸಿದೀನಿ ಅಂದ್ರಲ್ಲ? ಅದನ್ನ ಒಂದ್ ಮನೇಲೂ ಏಳಿಲ್ಲ."

"ಅವರೆಲ್ಲ ಪಕ್ಕದಲ್ಲೇ ಕೂತು ನೋಡಿದ್ರಲ್ಲಮ್ಮಣ್ಣಿ."

"ನೋಡಿದ್ದು ಬೇರೆ. ನೀವು ಏಳೋದು ಬೇರೆ. ಅವ್ರು ಗದರಿದ್ದು ನನ್ಗೆ ನೋವಾಗ್ಲಿಲ್ಲ, ನಾನೇ ಅಂತ ನಂಬಿದ್ರು, ಬಯ್ದ್ರು. ನೀವು ಗೊತ್ತಿದ್ದೂ ಮನ್ನಿಸಿದ್ರಿ. ನಮ್ಮಪ್ಪ ಅಲ್ಲೇ ನಿಂತು ನಿಮ್ಗೆ ಕೈ ಮುಗಿದ್ರು."

ಆಕೆಯ ಅಪ್ಪ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಒಂಬತ್ತು ನಂಬರುಗಳ ಆ ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ಅವಳು ಕೆಲಸ ಮಾಡುತ್ತಲೇ ಇದ್ದಳು. ಕೊನೆಗೆ, "ಮೊದಲನೇ ಮನೆಯಿಂದ ಮತ್ತೆ ಶುರು ಮಾಡ್ತೀನಿ, ಒಂಬತ್ತು ಮುಗಿಸಿ ಮೊರಪ್ಪೂರಿಗೂ ಬರ್ತೀನಿ" ಎಂದೆ.

"ಬೆಳಿಗ್ಗೆ ರೈಲಿಗೆ ಬನ್ನಿ. ಮದ್ಯಾನ ಅಪ್ಪ ಒಲದಲ್ಲಿ ಇರ್ತಾರೆ," ಎಂದಳು.

ಮರುದಿನ ಬೆಳಿಗ್ಗೆ ಮೊದಲನೆಯ ಮನೆಯ ಮುಂದೆ ನಿಂತು ಕೆಮ್ಮಿದೆ. ಆ ಮನೆಯ ಹೆಂಗಸು ಕಿಟಕಿಯಿಂದ ಬಗ್ಗಿ ನೋಡಿ, ಒಳಗೆ ಮಗ್ಗದ ಮೇಲಿದ್ದ ಗಂಡನಿಗೆ ಕೂಗಿ ಹೇಳಿದಳು: "ಏನೂಂದ್ರೆ, ಸೊಸೈಟಿ ಅಣ್ಣ ಮತ್ತೆ ಬಂದವ್ರೆ! ಈ ಸಲ ಯಾರ್ನ ಸಾಯಿಸಿದ್ರಂತೆ, ಕೇಳಿ!"

ಮಗ್ಗದ ಸದ್ದು ನಿಂತಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.